ಮುರಿಯಲೆಂದೇ ಮಾಡಿದ ಪಟ್ಟಿ

ಸ್ನಾನಕ್ಕೆ ಹೋಗುವ ಮುನ್ನ ದತ್ತಾತ್ರಿ ಮೂರು ಪಟ್ಟಿಗಳನ್ನು ಅಂಗಳದ ಕಟ್ಟೆಯ ಮೇಲಿಟ್ಟಿದ್ದ. ಬಂದು ನೋಡಿದರೆ ಎರಡೇ ಇದ್ದವು.

ಅವು ಅಂತಿಂಥ ಪಟ್ಟಿಗಳಲ್ಲ. ಔರಾದದಲ್ಲಿ ಅವನ ಅಣ್ಣನ ಕುರಿಗಳ ಉಣ್ಣೆಯನ್ನು ಕೇಳುವವರಿಲ್ಲದೆ ತಿಪ್ಪೆಗೆ ಚೆಲ್ಲುತ್ತಿದ್ದರು. ಅದನ್ನೇ ತಂದು, ರಾಳದಲ್ಲಿ ನೆನೆಸಿ, ಒತ್ತಿ ಒಣಗಿಸಿ, ಗೇಣುದ್ದ ಕೊಯ್ದು ಮಾಡಿದವು. ಬೀದರಿನ ಅಂಚಿನ ಕೊಳಾರದ ಪ್ರಯೋಗಾಲಯದ ಯಂತ್ರ ಅವನ್ನು ಎಳೆದು ಮುರಿದು, ಎಷ್ಟು ಗಟ್ಟಿ ಎಂದು ಹೇಳಬೇಕು. ಹೇಳಿದರೆ ಹಲಗೆ ಕಾರ್ಖಾನೆಯವರು ಊರಿನ ಉಣ್ಣೆಯನ್ನೆಲ್ಲ ಕೊಳ್ಳಲು ತಯಾರಿದ್ದರು.

ಕಳೆದ ಪಟ್ಟಿ ಪಕ್ಕದ ಮನೆಯ ಕೌಸಲ್ಯಾಬಾಯಿಯ ಕೊಟ್ಟಿಗೆ ಬಾಗಿಲಿನ ಕೊಂಡಿಯಲ್ಲಿ ಅಗುಳಿಯಾಗಿ ಸಿಕ್ಕಿತು.

“ಕಾಕು, ಅದು ನಂದರಿ!”

“ಇರ್ಲಿ ಬಿಡೋ ದತ್ತು. ನಮ್ಮ ಎಮ್ಮಿ ಎಷ್ಟು ಕಟಗಿ ಮುರದದ ಗೊತ್ತದಿಲ್ಲ? ಆವಾಗಿಂದ ಗುದ್ದಲಕತ್ತದ, ಇದು ಅಲ್ಲಾಡವಲ್ದು!”

“ಅದನ್ನ ಮುರೀಲಾಕ ಒಯ್ಯಬೇಕರಿ!”

“ಛಲೋ ಇದ್ದದ್ದು ಯಾಕ ಮುರೀತಿ? ತಲಿ ನೆಟ್ಟಗದಿಲ್ಲ?”

ಒಳಗಿನಿಂದ ಎಮ್ಮೆ ಮತ್ತೊಮ್ಮೆ ಗುದ್ದಿತು. ಬಸ್ಸಿಗೆ ಹೊತ್ತಾಗಿತ್ತು. ಉಳಿದೆರಡನ್ನು ಎಳೆಗೂಸಿನಂತೆ ಅವಚಿಕೊಂಡು ದತ್ತಾತ್ರಿ ಭಾಲ್ಕಿಯ ಸ್ಟ್ಯಾಂಡಿಗೆ ಓಡಿದ.

ಬೀದರಿನಲ್ಲಿ ಇಳಿದು ಅಯ್ಯುಬ ಎಂಬಾತನ ಆಟೋ ಹತ್ತಿದ. ಗಾಂಧಿ ಗಂಜ್ ಮಾರುಕಟ್ಟೆಯ ಹತ್ತಿರ ಕೈಗಾಡಿಯೊಂದು ಸವರಿ, ಆಟೋದ ಮಡ್‌ಗಾರ್ಡ್ ಮುರಿದು ಚಕ್ರಕ್ಕೆ ಉಜ್ಜತೊಡಗಿತು. ಅಯ್ಯುಬನ ಕಣ್ಣು ಪಟ್ಟಿಗಳ ಮೇಲೆ ಬಿತ್ತು. ದತ್ತಾತ್ರಿ ಬೇಡ ಬೇಡ ಎನ್ನುವಷ್ಟರಲ್ಲಿ ಅವನು, ಮುರಿದ ಕೈಗೆ ಕಟ್ಟು ಹಾಕುವವನಂತೆ, ಒಂದನ್ನು ತಂತಿಯಿಂದ ಬಿಗಿದೇಬಿಟ್ಟ.

ಕೊಳಾರದಲ್ಲಿ ದತ್ತಾತ್ರಿ ಕೈ ಚಾಚಿದ. “ಪಟ್ಟಿ ಕೊಡ್ರಿ ಭಾಯಿ.”

“ಸಾಬ್, ಬಾಡಿಗಿ ಬೇಕಾದ್ರ ಬಿಡ್ತೇನಿ, ಪಟ್ಟಿ ಬಿಡಂಗಿಲ್ಲ!” ಅಯ್ಯುಬ ಗಾಡಿ ತಿರುಗಿಸಿದವನೇ ಮಾಯ.

ಪ್ರಯೋಗಾಲಯದ ಸಿದ್ದೇಶ್ವರಿ ಮೇಡಂ ಯಂತ್ರದ ಬುಡದಲ್ಲಿ ಕೂತು ಬೆವರುತ್ತಿದ್ದರು. “ಮೂರು ತರ್ರಿ ಅಂದಿದ್ನಲ್ರಿ?”

“ಎರಡು ಆಗ್ಲೇ ಕೆಲಸಕ್ಕ ಹತ್ಯಾವರಿ ಮೇಡಂ.” ದತ್ತಾತ್ರಿ ನಡೆದದ್ದೆಲ್ಲ ಹೇಳಿದ.

ಮೇಡಂ ಬಿದ್ದು ಬಿದ್ದು ನಕ್ಕರು. “ಇರ್ಲಿ, ಸದ್ಯ ಒಂದರದು ನೋಡಮ್ರಿ. ಮೇಜಿನ ಮ್ಯಾಲಿಡ್ರಿ. ಖರೆ ಈ ಯಂತ್ರದ ಕಾಲು ಅಲ್ಲಾಡ್ತದ, ಲೆಕ್ಕ ತಪ್ಪತದ. ಇದನ್ನ ನೆಟ್ಟಗ ಮಾಡೂದ್ರಾಗ ನೀವು ಚಾ ಕುಡದು ಬರ್ರಿ.”

ಚಹಾ ಬಹಳ ರುಚಿಸಿತು. ಒಂದಾದರೂ ಮುರಿಯುತ್ತದಲ್ಲ! ದತ್ತಾತ್ರಿ ಅಣ್ಣನಿಗೆ ಫೋನ್ ಮಾಡಿ, “ಇನ್ನ ಉಣ್ಣಿ ಚೆಲ್ಲಬ್ಯಾಡ” ಎಂದ.

ಮರಳಿದಾಗ ಯಂತ್ರ ಬಂಡೆಯಂತೆ ನಿಂತಿತ್ತು. ಮೇಡಂ ಮುಖ ಅರಳಿತ್ತು.

“ಬರ್ರಿ ಬರ್ರಿ! ಕಾಲಿನ ಕೆಳಗ ಕಟಗಿ ಇಟ್ಟೆ, ಸೀಳಿತು. ಹಂಚು ಇಟ್ಟೆ, ಪುಡಿ ಆಯ್ತು. ಕಡೀಕ ಕೈಗೆ ಏನೋ ಒಂದು ಸಿಕ್ತು ನೋಡ್ರಿ, ಇಡೀ ಯಂತ್ರದ ವಜ್ಜಿ ಬಿದ್ರೂ ಜರಾನೂ ಬಗ್ಗವಲ್ದು! ಈಗ ಕೊಡ್ರಿ ನಿಮ್ಮ ಪಟ್ಟಿ.”

“ಮೇಜಿನ ಮ್ಯಾಲೇ ಇಟ್ಟಿದ್ನಲ್ರಿ…”

ಮೇಜು ಖಾಲಿ. ಇಬ್ಬರೂ ಒಟ್ಟಿಗೆ ಬಗ್ಗಿ ಯಂತ್ರದ ಕಾಲಿನ ಕೆಳಗೆ ನೋಡಿದರು. ಮೇಡಂ ನಾಲಿಗೆ ಕಚ್ಚಿಕೊಂಡರು.

“ತೆಗೀಲೇನ್ರಿ? ಆದ್ರ ತೆಗದ್ರ ಯಂತ್ರ ಅಲ್ಲಾಡ್ತದ.”

ದತ್ತಾತ್ರಿ ನೆಲದ ಮೇಲೆ ಕೂತೇಬಿಟ್ಟ. ಆಮೇಲೆ ನಗು ತಡೆಯಲಾಗಲಿಲ್ಲ.

“ಬ್ಯಾಡ್ರಿ ಮೇಡಂ, ಅಲ್ಲೇ ಇರ್ಲಿ. ಔರಾದ ಬಸ್ಸು ಎಷ್ಟಕ್ಕದರಿ? ಇನ್ನೊಂದು ಚೀಲ ಉಣ್ಣಿ ತರ್ತೇನಿ.”