ಸಿಕ್ಕಿಬಿಟ್ಟ ಅಕ್ಕನ ವಿಷಯದಲ್ಲಿ ಟಿವಿ ಪೆಟ್ಟಿಗೆಯವರಿಗೊಂದು ದೂರು

ಹನ್ನೊಂದು ವರ್ಷಗಳಿಂದ ನಮ್ಮ ನಡುಮನೆಯ ಗೋಡೆಯನ್ನು ಆಳುತ್ತಿರುವ, ಕುರ್ಚಿಗಳೆಲ್ಲ ಒಂದಕ್ಕೊಂದು ಬೆನ್ನು ತೋರಿಸಿದರೂ ತಮಗೆ ಮಾತ್ರ ಮುಖ ತೋರಿಸುವಷ್ಟು ಗೌರವಕ್ಕೆ ಪಾತ್ರರಾದ ಮಾನ್ಯ ಟಿವಿ ಪೆಟ್ಟಿಗೆಯವರೇ,

ತಮ್ಮ ಸನ್ನಿಧಿಗೆ ಈ ಬಡ ದರ್ಜಿಯ ಅನೇಕ ನಮಸ್ಕಾರಗಳು. ತಾವು ಕ್ಷೇಮವೇ ಎಂದು ನಾನು ಕೇಳುವುದಿಲ್ಲ, ಏಕೆಂದರೆ ತಮ್ಮ ಮೈಮೇಲಿನ ಧೂಳನ್ನು ದಿನಕ್ಕೆರಡು ಸಲ ಮೆತ್ತನೆಯ ಬಟ್ಟೆಯಿಂದ ಒರೆಸುವವನು ನಾನೇ. ಅದೇ ಬಟ್ಟೆಯಿಂದ ಒಡಹುಟ್ಟಿದ ಅಕ್ಕನ ಕನ್ನಡಕವನ್ನು ಒಂದು ಸಲವಾದರೂ ಒರೆಸಿಕೊಟ್ಟೆನೇ ಎಂದು ತಾವು ಕೇಳಬಾರದೆಂದು ವಿನಂತಿ. ಆ ಪ್ರಶ್ನೆಗೆ ಉತ್ತರ ಈ ಪತ್ರದಲ್ಲೇ ಇದೆ, ಮತ್ತು ಅದು ನನ್ನ ಪರವಾಗಿಲ್ಲ.

ವಿಷಯ ಇಷ್ಟು. ತಮ್ಮ ಮೂಲಕ ನಾನು ಆಡಿದ ಮೂರು ವಾಕ್ಯಗಳಿಂದಾಗಿ, ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬದ, ಕಾಯಂ ಕೂಡ ಆಗದ ಒಬ್ಬ ಹೆಣ್ಣುಮಗಳಿಗೆ, ಅಂದರೆ ನಮ್ಮ ಠಾಣೆಯ ಪೇದೆಗೆ, ಕರ್ತವ್ಯದಲ್ಲಿ ಉದಾಸೀನ ತೋರಿದ್ದೀರಿ ಎಂದು ಕಾರಣ ಕೇಳಿ ನೋಟಿಸು ಬಂದಿದೆ. ಬರುವ ಗುರುವಾರ ಬೆಳಿಗ್ಗೆ ಹತ್ತೂವರೆಗೆ ವಿಚಾರಣೆ. ಅವಳ ಮೇಲಿನ ಆರೋಪ ಸುಳ್ಳು ಎಂಬುದು ಜಗತ್ತಿನಲ್ಲಿ ನನಗೆ ಗೊತ್ತಿರುವಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿಲ್ಲ, ಏಕೆಂದರೆ ಅದನ್ನು ಹೊಲಿದವನೇ ನಾನು.

ಮೊದಲಿಗೆ ತಮ್ಮ ಉಪಕಾರಗಳನ್ನು ಸ್ಮರಿಸುವುದು ನನ್ನ ಧರ್ಮ. ಅಂಗಡಿಯ ಬಾಗಿಲು ಕಾಯಂ ಆಗಿ ಹಾಕಿ ಮನೆ ಸೇರಿದ ಮೇಲೆ ನನಗೆ ಪೊಲೀಸ್ ವಿದ್ಯೆಯನ್ನು ಧಾರೆಯೆರೆದವರು ತಾವು. ಬೆಳಿಗ್ಗೆ ಒಂಬತ್ತರ ಧಾರಾವಾಹಿಯ ಇನ್‌ಸ್ಪೆಕ್ಟರು ಒಂದು ಕೂದಲೆಳೆ ಹಿಡಿದು ಬೆಳಕಿಗೆ ಎತ್ತಿದರೆ ಸಾಕು, ಕೊಲೆಗಾರನ ಊರು, ಎತ್ತರ, ಬಾಲ್ಯದ ನೋವು ಎಲ್ಲ ತಿಳಿಯುತ್ತದೆ. ಅವರು ಓಡುತ್ತಾರೆ, ಗೋಡೆ ಹಾರುತ್ತಾರೆ, ಕೆಸರಿನಲ್ಲಿ ಬೀಳುತ್ತಾರೆ, ಆದರೆ ಅಂಗಿಯ ಇಸ್ತ್ರಿ ಮುರಿಯುವುದಿಲ್ಲ. ನಲವತ್ತಾರು ವರ್ಷ ಅಂಗಿ ಹೊಲಿದ ನನಗೆ ಆಗಲೇ ಅನುಮಾನ ಬರಬೇಕಿತ್ತು, ಕಂಕುಳಲ್ಲಿ ಬೆವರದ ಮನುಷ್ಯನನ್ನು ನಾನು ಯಾವ ಟ್ರಯಲ್ ರೂಮಿನಲ್ಲೂ ಕಂಡವನಲ್ಲ. ಬರಲಿಲ್ಲ. ಹತ್ತು ಗಂಟೆಗೆ ತಮ್ಮ ವಾರ್ತೆ ಶುರುವಾದರೆ ಅದೇ ಪೊಲೀಸರು ಲಂಚಕೋರರು, ನಿದ್ದೆಬಡುಕರು, ಕಲ್ಲೆದೆಯವರು. ಒಂಬತ್ತಕ್ಕೆ ದೇವರು, ಹತ್ತಕ್ಕೆ ದೆವ್ವ, ನಡುವೆ ಸಾಬೂನಿನ ಜಾಹೀರಾತು. ಎರಡನ್ನೂ ನಾನು ಒಂದೇ ಬಟ್ಟಲು ಚಹಾ ಕುಡಿಯುತ್ತ ನಂಬುತ್ತಿದ್ದೆ.

ಹೀಗೆ ನಂಬುತ್ತಿದ್ದ ಒಂದು ಮಂಗಳವಾರ, ಇನ್‌ಸ್ಪೆಕ್ಟರು ಕೂದಲೆಳೆಯನ್ನು ಇನ್ನೇನು ಬೆಳಕಿಗೆ ಎತ್ತುವ ಹೊತ್ತಿಗೆ, ನನ್ನ ಅಕ್ಕ ಬಾಗಿಲಲ್ಲಿ ನಿಂತು, "ಪುಟ್ಟಾ, ಕನ್ನಡಕದ ಕಡ್ಡಿ ಪೂರ್ತಿ ಕಳಚಿಕೊಳ್ತು ಕಣೋ, ನಾನೇ ಹೋಗಿ ಸರಿ ಮಾಡಿಸ್ಕೊಂಡು ಬರ್ತೀನಿ" ಎಂದಳು. ಅಕ್ಕನಿಗೆ ಎಪ್ಪತ್ತೊಂಬತ್ತು, ಪುಟ್ಟನಿಗೆ ಎಪ್ಪತ್ನಾಲ್ಕು. ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋಗುತ್ತೇನೆಂದು ನಾನು ಮೂರು ವಾರದಿಂದ ಹೇಳುತ್ತಲೇ ಇದ್ದೆ, ಈ ಕೊಲೆಯೊಂದು ಮುಗಿಯಲಿ ಅಂತ. ತಲೆ ತಿರುಗಿಸದೆ "ಹೂಂ" ಎಂದೆ. ಅವಳು ಹೋದಳು.

ಹನ್ನೆರಡಾದರೂ ಬರಲಿಲ್ಲ. ಎರಡು ಬಸ್ ಸ್ಟಾಪಿನಾಚೆಯ ಕನ್ನಡಕದ ಅಂಗಡಿಗೆ ಓಡಿದೆ. "ಯಾವ ಅಜ್ಜಿಯೂ ಬಂದಿಲ್ಲವಲ್ಲ" ಎಂದರು. ಅಲ್ಲಿಂದ ಠಾಣೆಗೆ ಹೋಗುವ ದಾರಿಯಲ್ಲಿ ಎದುರಾದ ಪ್ರತಿ ಅಜ್ಜಿಯ ಮುಖವನ್ನೂ ಬಗ್ಗಿ ನೋಡಿದೆ ಎಂಬುದನ್ನು ತಾವು ನಂಬಬೇಕು. ಅಮ್ಮ ಹೋದ ಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ನನಗೆ ಬೇರೆ ಯಾರಿದ್ದಾರೆ, ತಮ್ಮನ್ನು ಬಿಟ್ಟರೆ.

ಠಾಣೆ ನಾನು ನಿರೀಕ್ಷಿಸಿದಂತೆ ಇರಲಿಲ್ಲ ಎಂಬುದನ್ನು ದುಃಖದಿಂದ ತಿಳಿಸಬೇಕಾಗಿದೆ. ನೀಲಿ ಬೆಳಕಿರಲಿಲ್ಲ. ಗೋಡೆಯ ಮೇಲೆ ದಾರ ಕಟ್ಟಿದ ಭೂಪಟವಿರಲಿಲ್ಲ. ನಾಲ್ಕು ಕುರ್ಚಿ, ಅದರಲ್ಲೊಂದಕ್ಕೆ ಕಾಲಿನಡಿ ಮಡಿಸಿದ ರಟ್ಟು, ತಮ್ಮದೇ ಬಂಧುವಾದ ಒಂದು ಸಣ್ಣ ಟಿವಿ, ಮತ್ತು ಮೇಜಿನ ಹಿಂದೆ ಆ ಪೇದೆ ಹುಡುಗಿ. ಅವಳ ಅಂಗಿಯ ಎಡ ಭುಜದ ಹೊಲಿಗೆ ಅರ್ಧ ಇಂಚು ಕೆಳಗೆ ಜಾರಿತ್ತು, ಜೇಬಿನ ಮೂಲೆಯಲ್ಲಿ ಶಾಯಿಯ ಕಲೆ ಬೇರೆ. ನಾನು ಆ ಅವಸ್ಥೆಯಲ್ಲೂ ಮೊದಲು ನೋಡಿದ್ದು ಅದನ್ನೇ, ಮತ್ತು ಇವಳಿಂದೇನಾದೀತು ಎಂದು ತೀರ್ಮಾನಿಸಿದ್ದೂ ಅದರಿಂದಲೇ.

ಅವಳು ಕೇಳಿದ ಪ್ರಶ್ನೆಗಳಾದರೂ ಎಂಥವು! ಬೆರಳಚ್ಚಿನ ಮಾತಿಲ್ಲ, ಶತ್ರುಗಳ ಪಟ್ಟಿ ಕೇಳಲಿಲ್ಲ. "ಅಜ್ಜಾ, ಅವರು ಏನು ಹಾಕ್ಕೊಂಡಿದ್ರು?" ಎಂದಳು. ಅಕ್ಕ ತೊಡುವ ಪ್ರತಿಯೊಂದು ಬಟ್ಟೆಯನ್ನೂ ಹೊಲಿಯುವವನು ನಾನು, ಬಣ್ಣ ಆರಿಸುವವನು ನಾನು, ಗುಂಡಿ ಹಾಕುವವನು ನಾನು, ಆದರೆ ಆ ಬೆಳಿಗ್ಗೆ ಅವುಗಳಲ್ಲಿ ಯಾವುದು ನನ್ನ ಬಾಗಿಲಿನಿಂದ ಆಚೆ ಹೋಯಿತೆಂದು ತಿಳಿಯದು. ಧಾರಾವಾಹಿಯ ಖಳನಾಯಕನ ಅಂಗಿ ಕೇಳಿದ್ದರೆ ಹೇಳುತ್ತಿದ್ದೆ, ಕಪ್ಪು, ನಿಂತ ಕಾಲರು, ಏಳು ಗುಂಡಿ. ಮರ್ಯಾದೆ ಉಳಿಸಿಕೊಳ್ಳಲು ಗಂಟಲು ಸರಿಮಾಡಿಕೊಂಡು, "ಭುಜ ಹದಿಮೂರೂವರೆ, ಎದೆ ಮೂವತ್ನಾಲ್ಕು, ತೋಳು ಹತ್ತೊಂಬತ್ತು, ಬಲ ಭುಜ ಕಾಲಿಂಚು ತಗ್ಗು" ಎಂದೆ. ಪಕ್ಕದಲ್ಲಿದ್ದ ಮುಖ್ಯ ಪೇದೆ ಕಿಟಕಿಯ ಕಡೆ ತಿರುಗಿ ಕೆಮ್ಮಿದರು. ಹುಡುಗಿ ನಗಲಿಲ್ಲ. ಅಷ್ಟನ್ನೂ ಬರೆದುಕೊಂಡು, "ಚಪ್ಪಲಿ?" ಎಂದಳು. ಅದಂತೂ ನನ್ನ ಕಸುಬಿನ ಹೊರಗಿನದು.

ಅವಳು ನನ್ನೊಂದಿಗೇ ಹೊರಟು ನಮ್ಮ ಬೀದಿಗೆ ಬಂದಳು. ಎದುರಿನ ಇಸ್ತ್ರಿ ಅಂಗಡಿಯವಳು ಒಂದೇ ಉಸಿರಿಗೆ, "ಹಸಿರು ಸ್ವೆಟರು, ಒಳಗೆ ಕಂದು ಹೂವಿನ ಅಂಗಿ, ಎಡಗಾಲ ಚಪ್ಪಲಿ ಪಟ್ಟಿಗೆ ಪಿನ್ನು. ಬಸ್ ಸ್ಟಾಪ್ ಕಡೆ ಹೋದ್ರು. ಯಾಕೆ, ಟೇಪಣ್ಣ ಮನೇಲೇ ಇದ್ರಲ್ಲ, ಅವರಿಗೆ ಕಾಣಿಸ್ಲಿಲ್ವಾ?" ಎಂದಳು. ಕೊರಳಲ್ಲಿ ಸದಾ ಅಳತೆಯ ಟೇಪು ಇರುವುದರಿಂದ ಬೀದಿಯವರು ನನ್ನನ್ನು ಕರೆಯುವುದು ಹಾಗೆ. ಟೇಪಣ್ಣ ನೆಲ ನೋಡಿದ. ಹುಡುಗಿ ಬಸ್ ಸ್ಟಾಪಿನ ಕಡೆ ನಡೆದಳು.

ಈಗ ಬರುತ್ತದೆ, ಮಾನ್ಯರೇ, ತಾವೂ ನಾನೂ ಕೂಡಿ ಎಸಗಿದ ಕಾರ್ಯ. ಮನೆಗೆ ಬಂದು ತಮ್ಮ ಮುಂದೆ ಕುಸಿದು ಕುಳಿತೆ. ತಮ್ಮ ಪಾದದಡಿಯಲ್ಲಿ ಅಕ್ಷರಗಳು ಹರಿಯುತ್ತಿದ್ದವು, 'ನಿಮ್ಮ ಗೋಳು ನಮಗೆ ಹೇಳಿ' ಎಂದು. ಆ ಫೋನ್ ನಂಬರು ನನಗೆ ಬಾಯಿಪಾಠ. ಅರ್ಧ ಗಂಟೆಯಲ್ಲಿ ಮೈಕು, ಕ್ಯಾಮೆರಾ, ಇಬ್ಬರು ಬಂದರು. ಹುಡುಕುವವಳಿಗಿಂತ ಬೇಗ ತೋರಿಸುವವರು ಬಂದರಲ್ಲ ಎಂದು ನಾನು ಕೃತಜ್ಞತೆಯಿಂದ ಕಣ್ಣೊರೆಸಿಕೊಂಡು, ಒಳಗೆ ಹೋಗಿ ತಲೆ ಬಾಚಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಬಂದೆ. ಹೌದು. ಅಕ್ಕ ಕಾಣೆಯಾಗಿದ್ದಾಗ ನಾನು ತಲೆ ಬಾಚಿಕೊಂಡೆ.

ಮೊದಲ ಸಲ ನಾನು ಸತ್ಯವನ್ನೇ ಹೇಳಿದೆ ಎಂಬುದಕ್ಕೆ ತಾವೇ ಸಾಕ್ಷಿ. "ಒಬ್ಬಳು ಹುಡುಗಿ ಬಂದು ಕೇಳ್ಕೊಂಡು ಹೋಗಿದಾಳೆ, ಹುಡುಕ್ತಾ ಇದಾಳೆ ಪಾಪ" ಎಂದೆ. ಮೈಕಿನವರು ಬಹಳ ವಿನಯವಂತರು. "ಚೆನ್ನಾಗಿದೆ ಸಾರ್, ಸ್ವಲ್ಪ ಗಟ್ಟಿಯಾಗಿ. ಪಾಪ ಬೇಡ. ನಿಮಗೆ ಕೋಪ ಬರಲ್ವಾ?" ಎಂದರು. ಬರಲಿಲ್ಲ ಎಂದರೆ ಅಕ್ಕನ ಮೇಲೆ ಪ್ರೀತಿಯಿಲ್ಲ ಎಂದಾದೀತು. ಎರಡನೆಯ ಸಲ ಸ್ವಲ್ಪ ಬಂತು. ಮೂರನೆಯ ಸಲಕ್ಕೆ, ಹನ್ನೊಂದು ವರ್ಷ ತಾವು ಕಲಿಸಿದ್ದೆಲ್ಲ ಒಮ್ಮೆಗೇ ಬಾಯಿಗೆ ಬಂದು, "ಠಾಣೆಯಲ್ಲಿ ಯಾರೂ ತಿರುಗಿ ನೋಡಲಿಲ್ಲ! ದೂರನ್ನು ನಗೆಪಾಟಲು ಮಾಡಿದರು! ನಮ್ಮಂಥವರ ಜೀವಕ್ಕೆ ಬೆಲೆಯೇ ಇಲ್ಲವೇ?" ಎಂದು ಬೆರಳೆತ್ತಿ ಕೇಳಿಬಿಟ್ಟೆ. ತಿರುಗಿ ನೋಡದಿದ್ದವನು ನಾನು. ನಗೆಪಾಟಲಾದದ್ದು ನನ್ನ ಅಳತೆ. ಆದರೂ ಅಭಿನಯ ಉತ್ತಮವಾಗಿತ್ತು ಎಂದು ಕ್ಯಾಮೆರಾದವರು ಬೆನ್ನು ತಟ್ಟಿದರು.

ಆ ಹೊತ್ತಿಗೆ ಹುಡುಗಿ ಏನು ಮಾಡುತ್ತಿದ್ದಳೆಂದರೆ, ನೋಡಲು ಯೋಗ್ಯವಾದ ಏನನ್ನೂ ಅಲ್ಲ. ಒಂದೊಂದೇ ಬಸ್ಸನ್ನು ನಿಲ್ಲಿಸಿ ಕಂಡಕ್ಟರುಗಳಿಗೆ, "ಹಸಿರು ಸ್ವೆಟರು, ಚಪ್ಪಲಿಗೆ ಪಿನ್ನು" ಎನ್ನುತ್ತಿದ್ದಳು. ಹದಿನಾಲ್ಕನೆಯ ಬಸ್ಸಿನವರು, "ಹಾಂ, ಪಿನ್ನು ಚುಚ್ಚಿ ಒಬ್ಬರು ಪ್ರಯಾಣಿಕರು ನನ್ನ ಹತ್ರ ಜಗಳ ಆಡಿದ್ರು" ಎಂದರಂತೆ. ಕನ್ನಡಕವಿಲ್ಲದ ಅಕ್ಕ ಹನ್ನೊಂದನ್ನು ಹದಿನೇಳು ಎಂದೋದಿ ಹತ್ತಿ, ಊರಾಚೆಯ ಡಿಪೋದಲ್ಲಿ ಇಳಿದು, ವಾಪಸ್ಸು ಬಸ್ಸಿನ ನಂಬರು ಓದಲಾಗದೆ, ಕೇಳುವುದಕ್ಕೆ ಸ್ವಾಭಿಮಾನ ಅಡ್ಡ ಬಂದು, ಚಾಲಕರ ಬೆಂಚಿನ ಮೇಲೆ ಮೂರೂವರೆಯವರೆಗೆ ನೆಟ್ಟಗೆ ಕುಳಿತಿದ್ದಳು. ಹುಡುಗಿ ಅವಳನ್ನು ಠಾಣೆಗೆ ಕರೆತಂದು ಚಹಾ ತರಿಸಿಕೊಟ್ಟಳು. ಆಗಲೇ ಅಲ್ಲಿನ ಸಣ್ಣ ಟಿವಿಯಲ್ಲಿ ನಾನು ಬೆರಳೆತ್ತಿದೆ. ಅಕ್ಕ ಚಹಾದ ಲೋಟ ಇಳಿಸಿ, "ಅಯ್ಯೋ, ನಮ್ಮ ಪುಟ್ಟ! ನೋಡಮ್ಮ, ನಮ್ಮ ಪುಟ್ಟ ಟಿವಿಯಲ್ಲಿ! ತಲೆ ಎಷ್ಟು ನೀಟಾಗಿ ಬಾಚಿದಾನೆ!" ಎಂದು ಆ ಹುಡುಗಿಯ ಕೈಯನ್ನೇ ಹಿಡಿದುಕೊಂಡಳಂತೆ.

ಅಕ್ಕನನ್ನು ಮನೆಗೆ ಬಿಟ್ಟಾಗ ಹುಡುಗಿ "ಇಲ್ಲೊಂದು ಸಹಿ ಹಾಕಿ ಅಜ್ಜಾ" ಎಂದಳು, ಅಷ್ಟೇ. ಬೈದಿದ್ದರೆ ಈ ಪತ್ರ ಇಷ್ಟು ಉದ್ದವಾಗುತ್ತಿರಲಿಲ್ಲ.

ತಾವು ಮಾತ್ರ ನಿಲ್ಲಿಸಲಿಲ್ಲ. ಕಾಲು ಗಂಟೆಗೊಮ್ಮೆ ನನ್ನನ್ನು ಕೂಗಿಸಿದಿರಿ, ಮರುದಿನವೂ ಕೂಗಿಸಿದಿರಿ. ಅಕ್ಕ ನನ್ನ ಪಕ್ಕದಲ್ಲೇ ಕುಳಿತು, ಸರಿಮಾಡಿಸಿದ ಕನ್ನಡಕ ಹಾಕಿಕೊಂಡು, ತಾನು ಕಾಣೆಯಾದ ಸುದ್ದಿಯನ್ನು ಆಸಕ್ತಿಯಿಂದ ನೋಡುತ್ತ, "ಇನ್ನೂ ಸಿಕ್ಕಿಲ್ವಂತೆ ಕಣೋ" ಎಂದು ನಿಟ್ಟುಸಿರು ಬಿಟ್ಟಳು. ಮೇಲಧಿಕಾರಿಯವರೂ ನೋಡಿದರು. ನೋಟಿಸು ಹೊರಟಿತು. ಇಸ್ತ್ರಿ ಅಂಗಡಿಯವಳಿಂದ ಅದು ತಿಳಿದ ದಿನವೇ ಚಾನೆಲ್ಲಿಗೆ ಫೋನು ಮಾಡಿ, ನಾನು ಹೇಳಿದ್ದು ತಪ್ಪು, ಅಕ್ಕ ಸಿಕ್ಕಿದ್ದಾಳೆ, ಅದನ್ನೂ ತೋರಿಸಿ ಎಂದು ಬೇಡಿಕೊಂಡೆ. "ಸಿಕ್ಕಿದ್ರಾ? ಬಹಳ ಸಂತೋಷ ಸಾರ್. ಆದ್ರೆ ಸಿಕ್ಕಿದ್ದರಲ್ಲಿ ಸುದ್ದಿ ಏನಿದೆ? ಮತ್ತೆ ಕಳೆದುಹೋದ್ರೆ ಮೊದಲು ನಮಗೇ ಹೇಳಿ" ಎಂದು ಹರಸಿದರು.

ಠಾಣೆಗಳಲ್ಲಿ ಎಲ್ಲರೂ ಆ ಹುಡುಗಿಯಂತೆ ಇದ್ದಾರೆಂದು ಹೇಳುವಷ್ಟು ನಾನು ಹೊಸದಾಗಿ ಮರುಳಾಗಿಲ್ಲ. ನಮ್ಮ ಬೀದಿ ತುದಿಯ ದಿನಸಿಯವನ ಅಂಗಡಿಗೆ ಕಳ್ಳರು ನುಗ್ಗಿದಾಗ ದೂರು ಬರೆದುಕೊಳ್ಳದೆ ಮೂರು ದಿನ ಅಲೆಸಿದವರೂ ಅದೇ ಖಾಕಿಯವರು. ಆಗ ಇದೇ ಚಾನೆಲ್ಲಿಗೆ ಅವನು ಎಷ್ಟು ಗೋಳಿಟ್ಟರೂ ಯಾರೂ ಬರಲಿಲ್ಲ, ಯಾರೋ ನಟರ ಮದುವೆಯಿತ್ತು. ಬೈಸಿಕೊಳ್ಳಬೇಕಾದವರು ತಾವು ತೋರಿಸುವ ಮದುವೆಗಳ ನಡುವೆ ತಪ್ಪಿಸಿಕೊಂಡರು, ಬಸ್ಸು ನಿಲ್ಲಿಸುತ್ತಿದ್ದವಳು ಸಿಕ್ಕಿಬಿದ್ದಳು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆಗಳು ಅತ್ಯಲ್ಪ. ಒಂಬತ್ತರ ಇನ್‌ಸ್ಪೆಕ್ಟರನ್ನು ಒಂದು ದಿನದ ಮಟ್ಟಿಗೆ ನಮ್ಮ ಠಾಣೆಗೆ ಎರವಲು ಕೊಡಬೇಕು, ರಟ್ಟಿಟ್ಟ ಕುರ್ಚಿಯನ್ನೇ ಅವರಿಗೆ ಹಾಕಿಸುತ್ತೇನೆ. ಒಬ್ಬಳು ಹೆಂಗಸು ಎರಡು ಗಂಟೆ ಕಾಲ ಬಸ್ಸು ನಿಲ್ಲಿಸುವುದನ್ನು ಹಿನ್ನೆಲೆ ಸಂಗೀತವಿಲ್ಲದೆ, ಜಾಹೀರಾತಿಲ್ಲದೆ, ಹದಿನಾಲ್ಕೂ ಬಸ್ಸನ್ನು ಬಿಡದೆ ತೋರಿಸಬೇಕು, ಮತ್ತು ಅದನ್ನು ನಾನು ಎದ್ದುಹೋಗದೆ ನೋಡುವಂತೆ ಅನುಗ್ರಹಿಸಬೇಕು. ಇನ್ನು ಮುಂದೆ ನನ್ನಂಥ ಮುದುಕ ಮೂರನೆಯ ಸಲ ಬಾಯಿ ತೆರೆದಾಗ ತಾವು ದಯವಿಟ್ಟು ಕೆಟ್ಟುಹೋಗಬೇಕು.

ಇದು ಸಾಧ್ಯವಾಗದಿದ್ದರೆ ಚಿಂತೆಯಿಲ್ಲ. ಗುರುವಾರ ಹತ್ತೂವರೆಗೆ ನಾನೇ ಹೋಗಿ, ಅದೇ ಗಟ್ಟಿ ದನಿಯಲ್ಲಿ, ಒಂದೇ ಸಲಕ್ಕೆ ಹೇಳಿಬರುತ್ತೇನೆ.

ಗುಂಡಿ ಒತ್ತಿ ಆರಿಸುವ ಧೈರ್ಯ ಇನ್ನೂ ಬಾರದ,
ತಮ್ಮ ವಿಶ್ವಾಸಿ,
ಟೇಪಣ್ಣ, ನಿವೃತ್ತ ದರ್ಜಿ

ಮರುಲೇಖ: ಪತ್ರ ಅಂಚೆಗೆ ಹಾಕುವಷ್ಟರಲ್ಲಿ ಗುರುವಾರ ಕಳೆಯಿತು. ಅಧಿಕಾರಿಯವರು ಬಹಳ ಮರ್ಯಾದಸ್ಥರು. ನನ್ನನ್ನು ಕಂಡೊಡನೆ ಎದ್ದು ನಿಂತು, "ನಿಮ್ಮನ್ನ ಟಿವಿಯಲ್ಲಿ ನೋಡಿದೆ, ನಿಮ್ಮ ಅಕ್ಕ ಸಿಕ್ಕಿದ್ರಾ?" ಎಂದು ಮರುಗಿದರು. ಸಿಕ್ಕಿದ ದಿನದ ವರದಿ, ನನ್ನ ಸಹಿ ಸಮೇತ, ಅವರ ಮೊಣಕೈಯ ಕೆಳಗೇ ಇತ್ತು. ನಾನು ಹೇಳಿದ್ದು ಸುಳ್ಳು ಎಂದು ಬರೆದುಕೊಟ್ಟೆ. "ಸುಳ್ಳು ಹೇಳಿದ್ದಕ್ಕೆ ನಿಮ್ಮ ಮೇಲೇ ಕೇಸು ಆಗಬಹುದು ಯಜಮಾನರೇ" ಎಂದರು, ಆಗಲಿ ಎಂದೆ. ಹೊರಗೆ ಮೆಟ್ಟಿಲು ಇಳಿಯುವಷ್ಟರಲ್ಲಿ ಚಾನೆಲ್ಲಿನಿಂದ ಫೋನು: "ಸಾರ್, ನಿಮ್ಮ ಮೇಲೇ ಕೇಸು ಹಾಕ್ತಾರಂತೆ? ಪೊಲೀಸರ ದಬ್ಬಾಳಿಕೆ ಬಗ್ಗೆ ಎರಡು ಮಾತು ಹೇಳಿ, ಐದು ನಿಮಿಷದಲ್ಲಿ ಅಲ್ಲಿರ್ತೀವಿ." ಕೇಸಿಲ್ಲ, ಅಧಿಕಾರಿಯವರು ವರದಿ ಓದಿ ನೋಟಿಸು ವಾಪಸ್ಸು ಪಡೆದರು, ಹುಡುಗಿ ಆಗಲೇ ಡ್ಯೂಟಿಗೆ ಹೋದಳು ಎಂದೆ. ಆ ಕಡೆಯವರು "ಛೇ" ಎಂದರು. ಹನ್ನೊಂದು ವರ್ಷಗಳಲ್ಲಿ ತಮ್ಮ ಕಡೆಯಿಂದ ನಾನು ಕೇಳಿದ ಮೊದಲ ಪ್ರಾಮಾಣಿಕ ಮಾತು ಅದು. ಕೃತಜ್ಞ.