ಬೀರುವಿನ ಗಡಿಯಾರಕ್ಕೆ ಬೀಗ

ಹತ್ತೊಂಬತ್ತು ವರ್ಷಗಳಲ್ಲಿ ನಾನು ಒಂದು ದಿನವೂ ಕಚೇರಿಗೆ ತಡವಾಗಿ ಹೋದವನಲ್ಲ. ಇದನ್ನು ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆ ಯಾರೂ ಹೇಳುತ್ತಿರಲಿಲ್ಲವಾದ್ದರಿಂದ ದಿನಕ್ಕೆರಡು ಸಲ ನಾನೇ ಹೇಳಿಕೊಳ್ಳುತ್ತಿದ್ದೆ.

ಈ ಕೀರ್ತಿಗೆ ಕಾರಣ ನಮ್ಮ ನಡುಮನೆಯ ಬೀರು. ಓಕ್ ಮರದ್ದು, ನೂರು ವರ್ಷ ಹಳೆಯದು. ಮೈತುಂಬ ದ್ರಾಕ್ಷಿ ಬಳ್ಳಿಯ ಕೆತ್ತನೆ, ಮೂಲೆಗೊಂದು ಸಿಂಹದ ಮುಖ, ಎರಡು ಬಾಗಿಲುಗಳ ನಡುವೆ ಗಾಜಿನ ಹಿಂದೆ ಒಂದು ಗಡಿಯಾರ. ಮದುವೆಯಾದ ಹೊಸದರಲ್ಲಿ ನಾನೇ ಹರಾಜಿನಲ್ಲಿ ಕೊಂಡುತಂದೆ. (ಹೆಂಡತಿ ತರಲು ಹೇಳಿದ್ದು ಬಟ್ಟೆ ಒಣಹಾಕುವ ಹಗ್ಗ.) ಆರು ಜನ ಹೊತ್ತು ತಂದರು; ಏಳನೆಯವನಾಗಿ ನಾನು "ಹುಷಾರು, ಹುಷಾರು" ಎಂದೆ. ಅಂದಿನಿಂದ ಕೈಗಡಿಯಾರ ಕಟ್ಟಿಲ್ಲ. ಮನೆಯಲ್ಲಿ ಸಿಂಹ ಸಾಕಿದವನು ಕೈಗೆ ಇಲಿ ಕಟ್ಟಿಕೊಳ್ಳುತ್ತಾನೆಯೇ?

ಕಳೆದ ವಾರ ಕಚೇರಿಯವರು ನನಗೆ 'ಸಮಯಪಾಲನಾ ಪ್ರಶಸ್ತಿ' ಕೊಡುವುದೆಂದು ತೀರ್ಮಾನಿಸಿದರು. ಭಾನುವಾರ ಬೆಳಗ್ಗೆ ಹತ್ತಕ್ಕೆ ಸಮಾರಂಭ. ಹುಟ್ಟಿದಾಗಿನಿಂದ ಯಾರೂ ನನಗೆ ಯಾವ ಬಹುಮಾನವನ್ನೂ ಕೊಟ್ಟವರಲ್ಲ. ಶಾಲೆಯ ಓಟದ ಪಂದ್ಯದಲ್ಲಿ ಸಮಾಧಾನಕರ ಬಹುಮಾನಗಳು ಕೂಡ ನನ್ನ ಮುಂದಿನವನಿಗೇ ಮುಗಿದುಹೋಗಿದ್ದವು. ನಿಜ ಹೇಳುತ್ತೇನೆ, ಈ ಪ್ರಶಸ್ತಿ ನನಗೆ ಬಹಳ ಬೇಕಾಗಿತ್ತು. 'ಓಕ್ ಮತ್ತು ನಾನು' ಎಂಬ ಭಾಷಣವನ್ನೂ ಬರೆದಿಟ್ಟೆ.

ಶನಿವಾರ ರಜ. ಬೆಳಗ್ಗೆ ಭಾಷಣ ಬಾಯಿಪಾಠ ಮಾಡೋಣವೆಂದು ನಡುಮನೆಗೆ ಬಂದರೆ ಏನು ನೋಡುವುದು! ಗಾಜು ತೆರೆದಿದೆ. ಹೆಂಡತಿಯ ಒಂದು ಕೈಯಲ್ಲಿ ದೂಳು ಒರೆಸುವ ಬಟ್ಟೆ, ಇನ್ನೊಂದು ಕೈಯ ಬೆರಳು ನಿಮಿಷದ ಮುಳ್ಳಿನ ಮೇಲೆ.

"ಏನೇ ಮಾಡ್ತಿದ್ದೀಯ?"

"ಕಾಣಲ್ವಾ? ಗಡಿಯಾರ ತಿದ್ದುತಾ ಇದ್ದೀನಿ. ದಿನಕ್ಕೆ ಒಂದು ಗಂಟೆ ಹಿಂದೆ ಬೀಳತ್ತೆ ಇದು."

"ಒಂದು ಗಂಟೆನಾ! ಯಾವತ್ತಿಂದ?"

"ತಂದ ದಿನದಿಂದ. ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ನಾನೇ ಮುಂದೆ ತಳ್ತೀನಿ. ಅಡುಗೆಮನೆ ರೇಡಿಯೋ ಕೇಳ್ಕೊಂಡು."

"ಹತ್ತೊಂಬತ್ತು ವರ್ಷವೂ?"

"ಒಂದು ದಿನ ಮರೆತಿದ್ದೆ. ಅವತ್ತು ಜ್ವರ ಅಂತ ನೀವು ರಜ ಹಾಕಿದ್ರಿ, ಬದುಕ್ಕೊಂಡ್ರಿ."

ನನಗೆ ಮೈಯೆಲ್ಲ ಉರಿಯಿತು. "ನಿನ್ನ ಡಬ್ಬಾ ರೇಡಿಯೋನೇ ಮುಂದೆ ಓಡ್ತಿರೋದು! ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ. ಓಕ್ ಸುಳ್ಳು ಹೇಳಲ್ಲ ಕಣೇ."

"ಓಕ್ ಹೇಳಲ್ಲ ರೀ. ಮುಳ್ಳು ಹೇಳತ್ತೆ."

ಅವಳು ಕೆಡಿಸಿದ್ದ ಅರ್ಧ ಗಂಟೆಯನ್ನು ಹಿಂದಕ್ಕೆ ತಿರುಗಿಸಿ, ಗಾಜಿಗೆ ಬೀಗ ಜಡಿದು, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡೆ. ಅವಳು "ಆಯ್ತಪ್ಪಾ, ನಿಮ್ಮಿಷ್ಟ" ಎಂದಳು. (ಈ ಮಾತಿನ ಅರ್ಥ ಮದುವೆಯಾದವರಿಗೆಲ್ಲ ಗೊತ್ತು. ನನಗೂ ಗೊತ್ತಿರಬೇಕಿತ್ತು.)

ಭಾನುವಾರ ಬೀರು ಎಂಟು ಹೊಡೆಯುವಾಗ ಅವಳು ಚಪ್ಪಲಿ ಮೆಟ್ಟಿ ನಿಂತಿದ್ದಳು.

"ಒಂಬತ್ತೂವರೆ ಆಯ್ತು, ಬನ್ನಿ."

"ಎಂಟಕ್ಕೇ ಹೋಗಿ ಕುರ್ಚಿ ಒರೆಸ್ತೀಯಾ? ನಡಿ, ನಾನು ಸರಿಯಾದ ಹೊತ್ತಿಗೆ ಬರ್ತೀನಿ."

"ಕೊನೇ ಸಲ ಕರೀತಿದ್ದೀನಿ ರೀ."

"ನಾನೂ ಕೊನೇ ಸಲಾನೇ ಹೇಳ್ತಿದ್ದೀನಿ, ಹೋಗು."

ಭಾಷಣವನ್ನು ಸಿಂಹಗಳಿಗೆ ನಾಲ್ಕು ಸಲ ಒಪ್ಪಿಸಿದೆ. ಅವು ಬಾಯಿ ತೆರೆದೇ ಕೇಳಿದವು. ಒಂಬತ್ತೂ ಮೂವತ್ತೈದಕ್ಕೆ ಹೊರಟು, ಇಪ್ಪತ್ತು ನಿಮಿಷ ಗಂಭೀರವಾಗಿ ನಡೆದು, ಹತ್ತಕ್ಕೆ ಐದು ನಿಮಿಷವಿರುವಾಗ ಸಭಾಂಗಣವನ್ನು ಪ್ರವೇಶಿಸಿದೆ. ಕಾವಲುಗಾರ ಕುರ್ಚಿಗಳನ್ನು ಮಡಚುತ್ತಿದ್ದ.

"ಮುಗೀತಲ್ಲ ಸಾರ್," ಎಂದ. "ಹನ್ನೊಂದೂ ಇಪ್ಪತ್ತೈದು."

ವೇದಿಕೆಯ ಬಳಿ ಮ್ಯಾನೇಜರರೊಡನೆ ನನ್ನ ಹೆಂಡತಿ ನಗುನಗುತ್ತಾ ಮಾತಾಡುತ್ತಿದ್ದಳು. ಪ್ರಶಸ್ತಿಪತ್ರ ಅವಳ ಕೈಯಲ್ಲಿತ್ತು.

"ಬನ್ನಿ, ಬನ್ನಿ," ಎಂದರು ಮ್ಯಾನೇಜರ್. "ಹತ್ತೂವರೆ ತನಕ ಕಾದ್ವಿ. ಆಮೇಲೆ ನಿಮ್ಮ ಮನೆಯವರನ್ನೇ ವೇದಿಕೆಗೆ ಕರೆದು, ಇಷ್ಟು ವರ್ಷದ ಸಮಯಪಾಲನೆಯ ಗುಟ್ಟೇನಮ್ಮಾ ಅಂತ ಕೇಳಿದ್ವಿ. ಪಾಪ, ಇದ್ದದ್ದು ಇದ್ದಹಾಗೆ ಹೇಳಿಬಿಟ್ರು."

ಇಡೀ ಕಚೇರಿ ಎದ್ದು ನಿಂತು ಚಪ್ಪಾಳೆ ತಟ್ಟಿತಂತೆ. ಪ್ರಶಸ್ತಿಪತ್ರವನ್ನು ಇಸಿದುಕೊಂಡು ನೋಡಿದೆ. ನನ್ನ ಹೆಸರು ಅಚ್ಚಾಗಿದ್ದ ಹಾಗೇ ಇತ್ತು. ಅದರ ಕೆಳಗೆ ಮ್ಯಾನೇಜರರ ಕೈಬರಹದಲ್ಲಿ, ಮೊಹರಿನ ಸಮೇತ, 'ಇವರ ಪತ್ನಿಗೆ' ಎಂದಿತ್ತು.

ಅವಮಾನವಾಯಿತು. ಅದಕ್ಕಿಂತ ಹೆಚ್ಚಾಗಿ ಅವಳ ಹತ್ತೊಂಬತ್ತು ವರ್ಷಗಳನ್ನು ನೆನೆದು ನಾಚಿಕೆಯಾಯಿತು. ಮನೆಗೆ ಬಂದು ಬೀಗದ ಕೈಯನ್ನು ಅವಳ ಮುಂದಿಟ್ಟೆ.

"ತಪ್ಪಾಯ್ತು ಕಣೇ. ತಗೋ."

ಅವಳು ಮುಟ್ಟಲಿಲ್ಲ. "ನಿಮ್ಮ ಹತ್ರಾನೇ ಇರ್ಲಿ. ಪ್ರಶಸ್ತಿ ಬಂತಲ್ಲ, ಇನ್ನೇನು? ನಾನು ನಿವೃತ್ತಿ ತಗೊಂಡೆ."

ಭಾನುವಾರ ಸಂಜೆ ಗಡಿಯಾರವನ್ನು ನಾನೇ ತಿದ್ದಿದೆ. ಸೋಮವಾರ ಬೆಳಗ್ಗೆ ಮರೆತೆ.

ಆದ್ದರಿಂದ, ಮಾನ್ಯ ಮ್ಯಾನೇಜರರೇ, ಈ ದಿನ ಅರ್ಧ ಗಂಟೆ ತಡವಾಗಿ ಬಂದುದಕ್ಕೆ ತಾವು ಲಿಖಿತವಾಗಿ ಕೇಳಿದ ಕಾರಣವನ್ನು ಮೇಲ್ಕಂಡಂತೆ ನಿವೇದಿಸಿಕೊಂಡಿದ್ದೇನೆ. ನಾಳೆಯದನ್ನು ನಾಳೆ ಬರೆದುಕೊಡುತ್ತೇನೆ.