ಖಾಲಿ ಡಬ್ಬಿ ವಾಪಸ್ ಕೊಡಬಾರದು

ನನ್ನ ಹೆಂಡತಿ ಕಂಡವರ ಡಬ್ಬಿಗೆ ಕೈ ಹಾಕುತ್ತಾಳೆ. ಸುಳ್ಳಲ್ಲ! ಸೇತುವೆಯ ಸಂದಿ, ಮರದ ಪೊಟರೆ, ಪಾರ್ಕಿನ ಬೆಂಚಿನಡಿ, ಎಲ್ಲೆಂದರಲ್ಲಿ ಕೈ ತೂರಿಸಿ ಡಬ್ಬಿ ಎಳೆಯುತ್ತಾಳೆ. ಮೆಲ್ಬೋರ್ನಿನ ಡಾಕ್‌ಲ್ಯಾಂಡ್ಸ್‌ನ ದೊಡ್ಡ ಆಫೀಸಿನಲ್ಲಿ ಕೆಲಸ. ಇಲ್ಲೇ ನೆಲೆಸಲು ನಮಗೆ ಪಿಆರ್ ಸಿಕ್ಕಿದ್ದೂ ಅವಳ ಓದಿನಿಂದಲೇ. ನಾನೋ, ಮೀಸೆ ಬಂದ ಮೇಲೆ ಎಸ್ಸೆಸ್ಸೆಲ್ಸಿ ಪಾಸಾದವನು. ಟ್ರುಗನಿನಾದ ಗೋಡೌನಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತೇನೆ. ಅಂಥ ಓದಿದವಳಿಗೆ ಇದೆಂಥ ಹುಚ್ಚು ಹೇಳಿ?

ಈ ಆಟದ ಹೆಸರು ಜಿಯೋಕ್ಯಾಶಿಂಗ್. ಯಾರೋ ಒಂದು ಡಬ್ಬಿ ಬಚ್ಚಿಟ್ಟು ಜಾಗದ ಗುರುತನ್ನು ಆ್ಯಪ್‌ನಲ್ಲಿ ಹಾಕುತ್ತಾರೆ, ಇನ್ಯಾರೋ ಹುಡುಕುತ್ತಾರೆ. ಮೊದಲ ಸಲ ಅವಳು "ಕ್ಯಾಶ್ ಹುಡುಕೋಕೆ ಹೋಗೋಣ ಬನ್ರೀ" ಅಂದಾಗ ನಾನು ದೊಡ್ಡ ಚೀಲವನ್ನೇ ಹಿಡಿದು ಹೊರಟಿದ್ದೆ. ಸಿಕ್ಕಿದ್ದು ಒಂದು ಪ್ಲಾಸ್ಟಿಕ್ ಡೈನೋಸಾರ್!

"ಇದೇನೇ ಕ್ಯಾಶು?"

"ಆ ಕ್ಯಾಶ್ ಅಲ್ಲ ರೀ, ಸ್ಪೆಲ್ಲಿಂಗ್ ಬೇರೆ. ಇದು ಅಂದ್ರೆ ಬಚ್ಚಿಟ್ಟ ಡಬ್ಬಿ."

ಸ್ಪೆಲ್ಲಿಂಗ್ ಬೇರೆಯಾದರೆ ಮೊದಲೇ ಹೇಳಬಾರದೇ?

ಡಬ್ಬಿಯಿಂದ ಏನಾದರೂ ತೆಗೆದರೆ ಬದಲಿಗೆ ಏನಾದರೂ ಇಡಬೇಕು, ಅದು ಆಟದ ನಿಯಮ. ಅವಳು ಮರುಳಾದದ್ದು ಇದಕ್ಕೇ. "ನಮ್ಮೂರ ಥರಾನೇ ರೀ! ಖಾಲಿ ಡಬ್ಬಿ ವಾಪಸ್ ಕೊಡಬಾರ್ದು!" ನಮ್ಮ ಹಿರಿಯೂರಿನಲ್ಲಿ ಪಕ್ಕದ ಮನೆಯಿಂದ ಸಾರು ಬಂದ ಡಬ್ಬಿ, ಹೋಗುವಾಗ ಒಂದು ಹಿಡಿ ಸಕ್ಕರೆಯನ್ನಾದರೂ ಹೊತ್ತುಕೊಂಡೇ ಹೋಗಬೇಕು. ಇಲ್ಲಿಗೆ ಬಂದ ಹೊಸತರಲ್ಲಿ ಎದುರು ಮನೆಗೆ ಅವಳು ಒಂದು ಡಬ್ಬಿ ಕೋಡುಬಳೆ ಕೊಟ್ಟಿದ್ದಳು. ಡಬ್ಬಿ ವಾಪಸ್ ಬಂತು. ತೊಳೆದು, ಒರೆಸಿ, ಫಳಫಳ ಹೊಳೆಯುತ್ತಾ... ಖಾಲಿ! ಪಾಪ, ಅವರಿಗೇನು ಗೊತ್ತು? ಆ ಡಬ್ಬಿಯನ್ನು ಮೇಲಿನ ಶೆಲ್ಫಿಗೆ ಎತ್ತಿಟ್ಟವಳು ಮತ್ತೆ ಇಳಿಸಲೇ ಇಲ್ಲ.

ಸಿಡ್ನಿಯಲ್ಲಿ ಆದದ್ದನ್ನಂತೂ ಕೇಳಲೇಬೇಡಿ! ಗಿರಾವೀನ್‌ನಲ್ಲಿ ಅವಳ ತಂಗಿಯ ಮಗುವಿನ ನಾಮಕರಣ. ಊಟ ಮುಗಿಸಿ ರೇಷ್ಮೆ ಸೀರೆಯಲ್ಲೇ ಪಾರ್ಕಿನ ಪೊದೆಗೆ ನುಗ್ಗಿದಳು. ಆಡದವರಿಗೆ ಡಬ್ಬಿಯ ಗುಟ್ಟು ಬಿಟ್ಟುಕೊಡಬಾರದಂತೆ. ನಾಯಿ ಹಿಡಿದು ಬಂದ ಅಜ್ಜಿಯೊಬ್ಬರು ಏನು ಹುಡುಕುತ್ತಿದ್ದೀಯಮ್ಮಾ ಎಂದದ್ದಕ್ಕೆ "ಇಯರಿಂಗ್" ಎಂದುಬಿಟ್ಟಳು. ಅಜ್ಜಿ ಮಂಡಿಯೂರಿದರು. ಜಾಗಿಂಗ್ ಮಾಡುತ್ತಿದ್ದವನು ನಿಂತ. ಪಂಜಾಬಿ ಅಂಕಲ್ ಒಬ್ಬರು ಮೊಮ್ಮಕ್ಕಳನ್ನೆಲ್ಲಾ ಕೂಗಿ ಕರೆದರು. ಇಡೀ ಸಬರ್ಬೇ ಹುಲ್ಲು ಕೆದಕುತ್ತಿದೆ! ಕೊನೆಗೆ ಇವಳು ಮರದ ಮರೆಗೆ ಹೋಗಿ ತನ್ನ ಓಲೆಯನ್ನು ತಾನೇ ಬಿಚ್ಚಿ ಹುಲ್ಲಿಗೆ ಹಾಕಿ, "ಫೌಂಡ್ ಇಟ್!" ಎಂದು ಕೂಗಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಜ್ಜಿಯಂತೂ ತಬ್ಬಿಕೊಂಡೇ ಬಿಟ್ಟರು.

ಇನ್ನು ಬೆಟ್ಟದ ಕತೆ. ಮೆಲ್ಬೋರ್ನಿನಾಚೆಯ ಒಂದು ಬೆಟ್ಟದ ಡಬ್ಬಿಯಲ್ಲಿ ಅವಳು ಒಂದು ಜೊತೆ ಹಸಿರು ಗಾಜಿನ ಬಳೆ ಇಟ್ಟು ಬಂದಿದ್ದಳು. ನವೆಂಬರಿನ ಒಂದು ಬೆಳಿಗ್ಗೆ ಆ್ಯಪ್ ನೋಡಿ ಹಾರಿ ಎದ್ದಳು.

"ಯಾರೋ ಬಳೆ ತಗೊಂಡಿದಾರೆ ರೀ! ಬದಲಿಗೆ ಏನಿಟ್ಟಿದಾರೋ ನೋಡ್ಬೇಕು."

ಏನೂ ಇಡದಿದ್ದರೆ? ಮೇಲಿನ ಶೆಲ್ಫಿನ ಡಬ್ಬಿ ನೆನಪಾಯಿತು. ಆದರೂ ಹೊರಟೆ.

ಕೆಳಗೆ ಬಿಸಿಲಿತ್ತು. ಅರ್ಧ ದಾರಿ ಹತ್ತುವಷ್ಟರಲ್ಲಿ ಮೇಲಿನಿಂದ ಬೆಳ್ಳಗೆ ಏನೋ ಉದುರತೊಡಗಿತು. ಬೂದಿ! ಇಲ್ಲಿನ ಕಾಡ್ಗಿಚ್ಚನ್ನು ಟೀವಿಯಲ್ಲಿ ಕಂಡವನು ನಾನು.

"ಎಲ್ಲೋ ಬೆಂಕಿ ಬಿದ್ದೈತೆ ಕಣೇ, ಓಡು!"

"ಬೂದಿ ತಣ್ಣಗಿರತ್ತಾ ರೀ?"

ಹಿರಿಯೂರಿನ ಬಿಸಿಲಲ್ಲಿ ಬೆಳೆದವನು, ಫ್ರಿಜ್ಜಿನ ಮೇಲಿನ ಖಾನೆ ಬಿಟ್ಟು ಹಿಮ ಕಂಡವನಲ್ಲ. ಬಾಯಿ ತೆರೆದು ನಿಂತೆ. ಇಷ್ಟೊಂದು ಬೀಳುತ್ತಿದೆ, ಒಂಚೂರೂ ಸದ್ದಿಲ್ಲ! ಮಳೆಯಾದರೂ ಹೇಳಿ ಕೇಳಿ ಬರುತ್ತದೆ. ಇದು ದೇವರ ಕೋಣೆಗೆ ಬಂದ ಹಾಗೆ ಕಾಲಿನ ಸಪ್ಪಳವಿಲ್ಲದೆ ಬಂತು. ಜರೀಗಿಡಗಳ ತಲೆ ನರೆಯಿತು, ಕಲ್ಲುಗಳು ಮಾಯವಾದವು. ಆಮೇಲೆ ದಾರಿಯೂ ಮಾಯ!

"ವಾಪಸ್ ಹೋಗೋಣ ಕಣೇ."

"ಇನ್ನು ಐವತ್ತೇ ಮೀಟರ್ ರೀ."

"ಆಗಿಂದ ಐವತ್ತೇ ಹೇಳ್ತಿದೀಯ!"

ಅವಳ ಬೆರಳು ಮರಗಟ್ಟಿ, ಫೋನು ಅವಳ ಕೈಗೆ ಬಗ್ಗದಾಯಿತು. ಬಿದ್ದ ಮರವೊಂದರ ಬುಡದಲ್ಲಿ ಡಬ್ಬಿ ಇಟ್ಟ ನೆನಪು. ಆದರೆ ಹಿಮ ಹೊದ್ದ ಮರಗಳೆಲ್ಲ ಒಂದೇ ಥರ! ಬರಿಗೈಯಲ್ಲಿ ಒಂದೊಂದೇ ಮರದಡಿ ತೋಡುತ್ತಾ ಹೋದಳು. ನಡುಗುವ ಹಲ್ಲು, ಕೆಂಪು ಮೂಗು, ಆ ಹಟ! ನಾನು ಹಿಮ ನೋಡುವುದು ಬಿಟ್ಟು ಅವಳನ್ನೇ ನೋಡುತ್ತಾ ನಿಂತೆ. ಕೊನೆಗೆ ಡಬ್ಬಿ ಸಿಕ್ಕಿತು. ಸಿಕ್ಕಿದ್ದೇ ನನ್ನ ಕೈಗೆ ತುರುಕಿ ಅತ್ತ ತಿರುಗಿಕೊಂಡಳು.

"ನೀವೇ ತೆಗೀರಿ. ನಂಗೆ ಭಯ."

ತೆಗೆದೆ. ಒಳಗೆ ಒಂದು ಜೊತೆ ಉಣ್ಣೆಯ ಕೈಗವಸು, ಯಾರೋ ಕೈಯಾರೆ ಹೆಣೆದದ್ದು. ಬಣ್ಣ? ಅವಳ ಬಳೆಯದ್ದೇ ಹಸಿರು!

ಅವಳು ನಕ್ಕಳೋ ಅತ್ತಳೋ, ಆ ಚಳಿಯಲ್ಲಿ ಗೊತ್ತಾಗಲಿಲ್ಲ. "ಖಾಲಿ ಬಿಡೋ ಹಾಗಿಲ್ಲ ರೀ" ಎನ್ನುತ್ತಾ ಕಿವಿಗೆ ಕೈ ಹಾಕಿ ಎರಡೂ ಓಲೆ ಬಿಚ್ಚಿ ಒಳಗಿಟ್ಟಳು. ಸಿಡ್ನಿಯ ಅಜ್ಜಿಗೆ ಹೇಳಿದ ಸುಳ್ಳು ಕೊನೆಗೂ ನಿಜವಾಯಿತು!

ನಮ್ಮದೇ ಹೆಜ್ಜೆ ಗುರುತು ಮುಚ್ಚಿಹೋಗುವ ಮುಂಚೆ ಅದನ್ನೇ ಹಿಡಿದು ಇಳಿದೆವು. ಒಂದು ಕೈಗವಸು ಅವಳಿಗೆ, ಒಂದು ನನಗೆ. ಉಳಿದೆರಡು ಬರಿಗೈ ಒಂದರೊಳಗೊಂದು, ನನ್ನ ಜೇಬಿನಲ್ಲಿ.

ಕಾರು ಕಾಣಿಸಿದಾಗ ಅವಳು ಮೆಲ್ಲಗೆ ಅಂದಳು:

"ರೀ, ನಾಳೆ ಕೋಡುಬಳೆ ಮಾಡ್ತೀನಿ. ಮೇಲಿನ ಶೆಲ್ಫಿಂದ ಆ ಡಬ್ಬಿ ಇಳಿಸಿಕೊಡ್ತೀರಾ?"